ಅಡ್ಡ ಮಲಗಿದ ದವಡೆಹಲ್ಲು

ನನ್ನ ಬಾಯಿಯ ಎಡಗಡೆ, ಕೆಳಸಾಲಿನಲ್ಲಿ ಎರಡು ಹಲ್ಲಿಲ್ಲ. ಒಂದು ಹೋಗಲೇಬೇಕಿತ್ತು. ಇನ್ನೊಂದು ಗಟ್ಟಿಮುಟ್ಟಾಗಿ ತನ್ನ ಪಾಡಿಗೆ ತಾನಿದ್ದ ಹಲ್ಲು. ಅದು ಹೋದದ್ದು ಮನೆಯವರ ಮಾತಿನಿಂದ, ನನ್ನ ಹೇಡಿತನದಿಂದ. ಈಗಲೂ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಬಸವಕಲ್ಯಾಣಕ್ಕೆ ಸೊಸೆಯಾಗಿ ಬಂದ ಎರಡನೇ ವರ್ಷ ದವಡೆಯ ತುದಿಯಲ್ಲಿ ನೋವು ಶುರುವಾಯಿತು. ಅಕ್ಕಲ್ ದಾಢ ಬರುತ್ತಿದೆ ಎಂದರು ಅತ್ತೆ. ಅಕ್ಕಲ್ ಎಂದರೆ ಬುದ್ಧಿ; ಬುದ್ಧಿ ಬಲಿಯುವ ವಯಸ್ಸಿಗೆ ಬರುವ ಕಡೆಯ ಹಲ್ಲಿಗೆ ನಮ್ಮ ಕಡೆ ಅದೇ ಹೆಸರು. ಅತ್ತೆ ಎರಡು ಹೊತ್ತೂ ಮಿಶ್ರಿ ಉಜ್ಜುವವರು. ತಂಬಾಕನ್ನು ಹಂಚಿನ ಮೇಲೆ ಕರ್ರಗಾಗುವ ತನಕ ಹುರಿದು ಪುಡಿ ಮಾಡಿದರೆ ಮಿಶ್ರಿ. ಒಂದು ಚಿಟಿಕೆ ತೆಗೆದು ತಾವೇ ನನ್ನ ಒಸಡಿಗೆ ಒತ್ತಿದರು. ತಲೆ ಗಿರ್ರೆಂದಿತು, ದವಡೆ ಜೋಮು ಹಿಡಿಯಿತು. ನಾಲ್ಕು ದಿನದಲ್ಲಿ ಬಾವೂ ಇಳಿಯಿತು.

"ಹೋಯ್ತು ನೋಡು ಯವ್ವಾ," ಎಂದರು.

ಎಲ್ಲಿ ಹೋಗುತ್ತದೆ? ಎರಡು ತಿಂಗಳಿಗೆ ಮತ್ತೆ ಬಂತು. ಮತ್ತೆ ಮಿಶ್ರಿ. ಮೂರು ವರ್ಷ ಇದೇ ಆಟ. ದವಾಖಾನೆಗೆ ಹೋಗೋಣ ಎಂದರೆ ಗಂಡ, "ಇದ್ದ ಅಕ್ಕಲ್ನೂ ತೆಗಸ್ತಿ ಏನು?" ಎಂದು ನಗುತ್ತಿದ್ದ. ತನ್ನ ಮೋಟರ್‌ಸೈಕಲ್ ಕಿರ್ ಎಂದರೆ ಅಂದೇ ಮೆಕ್ಯಾನಿಕ್ಕನ ಹತ್ತಿರ ಓಡುವ ಮನುಷ್ಯ.

ಅತ್ತೆ ನಗುತ್ತಿರಲಿಲ್ಲ, ನಿಜವಾಗಿ ಹೆದರುತ್ತಿದ್ದರು. "ಹಲ್ಲಿನ ನರ ಕಣ್ಣಿಗಿ ಹೋಗ್ತದ. ನಮ್ಮಕ್ಕ ಕೀಳಿಸ್ಕೊಂಡ್ಳು, ಕಣ್ಣ ಹೋದವು."

ಆ ಅಕ್ಕನಿಗೆ ಎಪ್ಪತ್ತು ದಾಟಿತ್ತು, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಂಠಾಳದ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನಾನು ಅದನ್ನು ತಿಳಿದೂ ಬಾಯಿ ಮುಚ್ಚಿಕೊಂಡಿದ್ದೆ. ಹಿರಿಯರ ಮಾತು ಮೀರಬಾರದಂತೆ.

ಒಂದು ಬೆಳಿಗ್ಗೆ ತರಗತಿಯಲ್ಲಿ ಹಾಜರಿ ಕೂಗಲು ಹೋದರೆ ದವಡೆ ತೆರೆಯಲೇ ಇಲ್ಲ. ಒಂದು ಬೆರಳು ತೂರುವಷ್ಟು ಸಂದು, ಅಷ್ಟೇ. ರಜೆ ಬರೆದಿಟ್ಟು, ಮನೆಗೆ ತಿಳಿಸದೆ ಬಸ್ಸು ಹತ್ತಿ ಹುಮನಾಬಾದಿಗೆ ಹೋದೆ. ಅಲ್ಲಿ ಹಲ್ಲಿನ ಡಾಕ್ಟರು ಒಬ್ಬ ಹೆಣ್ಣುಮಗಳು. ಎಕ್ಸ್‌ರೇ ತೆಗೆದು ತೋರಿಸಿದರು.

"ಇದು ಅಡ್ಡ ಮಲಗ್ಯಾದ ನೋಡ್ರಿ. ಮ್ಯಾಲ ಬರಾಕ ಜಾಗಾ ಇಲ್ಲ, ಮುಂದಿನ ಹಲ್ಲಿಗಿ ಗುದ್ದಾಕತ್ತದ. ಅರ್ಧ ಒಸಡಿನಾಗ, ಅರ್ಧ ಹೊರಗ. ಆ ಸಂದ್ಯಾಗ ಉಂಡದ್ದು ಹೊಕ್ಕು ಕೊಳೀತದ. ಬ್ರಶ್ ಮುಟ್ಟಂಗಿಲ್ಲ. ಕೀವಾಗ್ತದ."

ಎಲ್ಲರೂ ಇದನ್ನು ತೆಗೆಸಲೇಬೇಕೇ ಎಂದು ಹಲ್ಲು ಕಚ್ಚಿಕೊಂಡೇ ಕೇಳಿದೆ.

"ಯಾಕ್ರಿ? ಸೀದಾ ಬಂದಿದ್ರ, ಸ್ವಚ್ಛ ಇಟ್ಕೊಳ್ಳಾಕ ಆಗ್ತಿದ್ರ ಅದರ ಪಾಡಿಗಿ ಇರ್ಲಿ. ನಿಮ್ದು ಹಂಗಿಲ್ಲ. ಮೂರು ವರ್ಷದ ಹಿಂದ ಬಂದಿದ್ರ ಇದೊಂದೇ ತೆಗೀತಿದ್ದೆ. ಈಗ ಮುಂದಿನದೂ ಬೇರಿನ ತನಕ ಕೊಳತದ."

ಕಣ್ಣಲ್ಲಿ ನೀರು ಬಂದದ್ದು ನೋವಿಗಲ್ಲ, ಸಿಟ್ಟಿಗೆ. ಗುಳಿಗೆ ಕೊಟ್ಟು ಬಾವು ಇಳಿಸಿ, ಮುಂದಿನ ವಾರ ಎರಡನ್ನೂ ತೆಗೆದರು.

ಮೂರನೇ ದಿನ ಬಾಯಿ ಆಡುವಂತಾದ ಕೂಡಲೇ ಪಡಸಾಲೆಯಲ್ಲಿ ನಿಂತು ಅತ್ತೆಗೆ ಹೇಳಿದೆ: "ನಿಮ್ಮ ಮಿಶ್ರಿ ನೋವಷ್ಟೇ ಮುಚ್ಚಿಡ್ತಿತ್ರಿ. ಒಳಗ ಕೊಳೀತಾನೇ ಇತ್ತು. ನನ್ನ ಛಲೋ ಹಲ್ಲು ನೀವೇ ತಿಂದ್ರಿ."

ಗಂಡ ಎದ್ದು ನಿಂತ. "ನಮ್ಮವ್ವಗ ಹಿಂಗ ಮಾತಾಡ್ತಿ?"

"ನಿಮಗೂ ಅದೇ ಮಾತು," ಎಂದೆ. "ನಿಮ್ಮ ಗಾಡಿಗಿದ್ದ ಬೆಲೆ ನನ್ನ ಬಾಯಿಗಿಲ್ಲ."

ಅತ್ತೆ ಕೈ ಎತ್ತಿ ಮಗನನ್ನು ಸುಮ್ಮನಾಗಿಸಿದರು. ಕಿಟಕಿಯ ಬೆಳಕಿಗೆ ಬಂದು, ಬೆರಳಿನಿಂದ ಕೆನ್ನೆ ಹಿಗ್ಗಿಸಿ ಬಾಯಿ ತೆರೆದರು. ಹಿಂದೆ ಎರಡೂ ಕಡೆ ಬರಿದು. ಬಲಗಡೆ ಒಂದು ಕರಿ ಮೋಟು ಮಾತ್ರ ಉಳಿದಿತ್ತು, ಅದರ ಸುತ್ತ ಒಸಡು ಕೆಂಪಗೆ ಊದಿಕೊಂಡಿತ್ತು. ಐದು ವರ್ಷ ಒಂದೇ ಮನೆಯಲ್ಲಿ ಉಂಡಿದ್ದೇವೆ. ಅವರು ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ತಿನ್ನುವುದು ರುಚಿಗೆಂದು ತಿಳಿದಿದ್ದೆ.

"ಸಣ್ಣಾಕಿ ಇದ್ದಾಗಿಂದ ನೋಯ್ತಿತ್ತು," ಎಂದರು. "ನಿಮ್ಮ ಮಾವಗ ಹೇಳ್ದೆ. ಮಿಶ್ರಿ ಹಚ್ಚು ಅಂದ್ರು. ಹಚ್ಚಿದೆ."

ನನ್ನ ಸಿಟ್ಟು ಮೊದಲಿಗಿಂತ ಹೆಚ್ಚಾಯಿತು, ಆದರೆ ಅದು ಈಗ ಅವರ ಮೇಲಿರಲಿಲ್ಲ.

ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದರು, "ಆ ಡಾಕ್ಟರಮ್ಮ ಮುದುಕ್ಯಾರ್ನೂ ನೋಡ್ತಾಳೇನ?"

ಮಗ ಪಕ್ಕದಲ್ಲೇ ನಿಂತಿದ್ದ. ಕೇಳಿದ್ದು ನನ್ನನ್ನು.