ಗೋಡೆಯ ಮೇಲಿನ ‘ತಂಪೈತಿ’

ನರಗುಂದದಲ್ಲಿ ಕಾಳಿನ ವ್ಯಾಪಾರ ಮಾಡುವ ನಮ್ಮ ಮಾವ ಮುಂಬೈಗೆ ಹೋದವರು ಹಳೇ ಸಾಮಾನಿನ ಅಂಗಡಿಯಿಂದ ಒಂದು ಫ್ರೆಂಚ್ ಹವಾಮಾಪಕ ಹೊತ್ತು ತಂದರು. ಕಟ್ಟಿಗೆಯಲ್ಲಿ ಕೆತ್ತಿದ ಹೂವಿನ ಸರ, ನೆತ್ತಿಯ ಮೇಲೆ ಜೋಡಿ ಪಾರಿವಾಳ, ಎಲ್ಲದಕ್ಕೂ ಬಂಗಾರದ ರೇಕು. ನಡುವೆ ಗಡಿಯಾರದಂಥ ಬಿಳಿ ಬಿಲ್ಲೆ, ಸುತ್ತ ಹವೆ ಹೇಳುವ ಫ್ರೆಂಚ್ ಪದಗಳು, ಒಂದೇ ಮುಳ್ಳು. ಅಯ್ಯಯ್ಯ, ಮಾವನ ಜಂಬವೇ! ಪಡಸಾಲೆಯ ದೇವರ ಫೋಟೋಗಳನ್ನೆಲ್ಲ ಬದಿಗೆ ಸರಿಸಿ ಅದನ್ನು ತೂಗುಹಾಕಿದರು.

ಮುಳ್ಳು ಸರಕ್ಕನೆ ಎಡಕ್ಕೆ ಹೋಗಿ ಒಂದು ಪದದ ಮೇಲೆ ಕೂತುಬಿಟ್ಟಿತು. ಮಾವ ಕನ್ನಡಕ ಏರಿಸಿ ಅಕ್ಷರ ಕೂಡಿಸಿದರು: “ತೆಂ... ಪೆ... ತೆ. ತಂಪೈತಿ! ನೋಡ್ರಿಲ್ಲೆ, ಫ್ರಾನ್ಸಿನವ್ರೂ ನಮ್ಮಂಗ ಮಾತಾಡ್ತಾರ!”

ಅದಕ್ಕೆ ಬಿರುಗಾಳಿ ಎಂದರ್ಥ ಎಂದು ನಾನು ಮೊಬೈಲ್ ನೋಡಿ ಹೇಳಿದೆ. “ಎರಡೂ ಒಂದ” ಎಂದರು.

ನಾದಿನಿ ಚೊಚ್ಚಲ ಬಸುರಿ. ಅವಳ ಕುಬಸಕ್ಕೆ ಗಜೇಂದ್ರಗಡದ ಬೀಗರು ಬರುವವರಿದ್ದರು. ಅವರ ಎಲೆಗೆ ತನ್ನ ಕೈಯ ಸಂಡಿಗೆ ಬೀಳಲೇಬೇಕೆಂದು ಅತ್ತೆಯ ಹಟ. ಆದರೆ ಅತ್ತೆ ಹಿಟ್ಟು ಕುದಿಸಲು ಎದ್ದಾಗಲೆಲ್ಲ ಮಾವ ಮುಳ್ಳು ನೋಡಿ ತಡೆಯುತ್ತಿದ್ದರು.

“ತಂಪೈತಿ. ಸಂಡಿಗಿ ಬೂಸರ ಹಿಡೀತಾವ.”

“ಬಿಸಿಲು ಚಲೋ ಐತ್ರಿ. ಹೊರಗರ ನೋಡ್ರಿ.”

“ನಿನಗೇನ ತಿಳೀತೈತಿ? ಮಶೀನ ಸುಳ್ಳು ಹೇಳ್ತೈತೇನ?”

ಅಂಗಳಕ್ಕೆ ಕಾಲಿಟ್ಟರೆ ಅಂಗಾಲು ಸುಡುತ್ತಿತ್ತು. ಮಳೆಗಾಲ ಬೇರೆ ಬಾಗಿಲಿಗೆ ಬಂದಿತ್ತು. ದಿನಾ ಇದೇ ಹಾಡು ಕೇಳಿ ನನಗೆ ಮೈಯೆಲ್ಲ ಉರಿಯಿತು.

ಮತ್ತೆ ಮೊಬೈಲಿನಲ್ಲಿ ಹುಡುಕಿದೆ. ಸಮುದ್ರದ ಮಟ್ಟಕ್ಕೆ ಹೊಂದಿಸಿದ ಮುಳ್ಳು ನಮ್ಮಂಥ ಎತ್ತರದ ಊರಿನಲ್ಲಿ ಹೀಗೇ ತಪ್ಪು ತೋರಿಸುತ್ತದಂತೆ. ಬೆನ್ನಿನಲ್ಲಿರುವ ತಿರುಪು ತಿರುಗಿಸಿ ಸರಿಮಾಡಬೇಕಂತೆ. ಅತ್ತೆಗೆ ಹೇಳಿದ್ದೇ ತಡ, ಮಾವ ಪೇಟೆಗೆ ಹೊರಟ ಕೂಡಲೇ ಅತ್ತೆಯೇ ಸ್ಕ್ರೂಡ್ರೈವರ್ ಹಿಡಿದು ಸ್ಟೂಲು ಹತ್ತಿದರು. “ಸಾಕ್ರಿ ಅತ್ತಿ, ಸಾಕು!” ಎಂದರೂ ಬಿಡದೆ ಮುಳ್ಳನ್ನು ಬಲತುದಿಗೇ ದಬ್ಬಿದರು. ಅಲ್ಲಿ ‘ಸೆಕ್’, ಅಂದರೆ ಒಣಹವೆ, ಎಂದು ಬರೆದಿತ್ತು.

ಮರುದಿನ ಬೆಳಿಗ್ಗೆ ಮಾವ ಓದಿದರು. “ಸೆಕ್... ಶೆಕಿ! ಏ, ಇವತ್ತ ಸಂಡಿಗಿ ಹಾಕು. ಬಿಸಿಲು ಚಲೋ ಐತಿ.”

“ನೀವು ಹೇಳಿದ ಮ್ಯಾಲೆ ಮುಗೀತ ಬಿಡ್ರಿ” ಎಂದು ಅತ್ತೆ ಅಡುಗೆಮನೆಗೆ ನಡೆದರು.

ಮಾಳಿಗೆಯ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಇಡುತ್ತ ನಾನು ನಕ್ಕೂ ನಕ್ಕೂ ಸುಸ್ತಾದೆ. ಅತ್ತೆಯೂ ನಕ್ಕರು. ಆಮೇಲೆ ಕೈಗಂಟಿದ ಹಿಟ್ಟು ಒರೆಸಿಕೊಂಡರು.

“ನಾನೂ ಮೈತುಂಬ ಬಂಗಾರ ಬಳಕೊಂಡು ಗ್ವಾಡಿಗೆ ಜೋತುಬಿದ್ದಿದ್ರ,” ಎಂದರು, “ಇಷ್ಟು ವರ್ಷ ನನ್ನ ಮಾತೂ ಕೇಳ್ತಿದ್ರು ನೋಡವಾ.”