ಮೇಸ್ತ್ರಿ ಎಂಬ ಮಾತು

ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ, ಏಳನೇ ಕ್ಲಾಸಿನ ನಡುವೆ, ನಾನು ಓದು ಬಿಟ್ಟೆ. ಅದೇ ವಾರ ಯಲಹಂಕದ ಬಳಿಯ ಸಿಂಗಾಪುರವೆಂಬ ಹಳ್ಳಿಯ ನಮ್ಮ ಮನೆಯಲ್ಲಿ ಅಪ್ಪ ತನ್ನ ಕರಣೆಯನ್ನು ನನ್ನ ಕೈಗಿತ್ತ. ಗಾರೆ ಎತ್ತಿ ಗೋಡೆಗೆ ಬಳಿಯುವ ಆ ಕಬ್ಬಿಣದ ಎಲೆ ಸವೆದು ಸವೆದು ಈಗ ವೀಳ್ಯದೆಲೆಯಷ್ಟಾಗಿದೆ. ಮರದ ಹಿಡಿಯನ್ನು ಮೂರು ಸಲ ಬದಲಿಸಿದ್ದೇನೆ. ಇಷ್ಟು ಸಣ್ಣ ವಸ್ತುವಿನ ಮೇಲೆ ಅಷ್ಟೊಂದು ಸಿಟ್ಟು ಕೂತಿರುವುದೇಕೆಂದು, ಗೆಳೆಯರೇ, ನಿಮಗೆ ಹೇಳಲೇಬೇಕು.

ನಮ್ಮಲ್ಲೊಂದು ರೂಢಿಯಿದೆ. ಗೃಹಪ್ರವೇಶದ ಬೆಳಿಗ್ಗೆ ಮನೆ ಕಟ್ಟಿದ ಮೇಸ್ತ್ರಿಯ ಕರಣೆಯನ್ನು ತೊಳೆದು, ಅರಿಸಿನ ಕುಂಕುಮ ಇಟ್ಟು, ಹೊಸ್ತಿಲ ಪಕ್ಕದಲ್ಲಿರಿಸಿ ಪೂಜಿಸುತ್ತಾರೆ. ಪೂಜೆ ಮುಗಿದ ಮೇಲೆ ಯಜಮಾನ ಅದನ್ನು ಎರಡೂ ಕೈಯಲ್ಲಿ ಎತ್ತಿ, ಎಲೆ ಅಡಿಕೆ ಮತ್ತು ಒಂದು ಪಂಚೆಯ ಜೊತೆಗೆ ಮೇಸ್ತ್ರಿಗೆ ಹಿಂದಿರುಗಿಸುತ್ತಾನೆ. ಅಲ್ಲಿಯವರೆಗೆ ಮನೆ ನಮ್ಮದು, ಅಲ್ಲಿಂದಾಚೆಗೆ ಅವರದು. ಕೂಲಿ ಚುಕ್ತಾ ಆಗುವುದು ಬೇರೆ, ಮನೆಯನ್ನು ಒಪ್ಪಿಸುವುದು ಬೇರೆ. ಅಪ್ಪ ಅಂಗಡಿಯಲ್ಲಿ ಪಂಚೆ ಕೊಂಡದ್ದನ್ನು ನಾನು ನೋಡಿಯೇ ಇಲ್ಲ. ಅವನು ಉಟ್ಟದ್ದೆಲ್ಲ ಹೀಗೆ ಬಂದದ್ದೇ.

ಹೋದ ವರ್ಷ ಯಲಹಂಕದಲ್ಲಿ ಒಂದು ಮನೆ ಮುಗಿಸಿದೆ. ಯಜಮಾನರು ನಿವೃತ್ತ ಮೇಷ್ಟ್ರು, ಹೈಸ್ಕೂಲಿನಲ್ಲಿ ಬದುಕಿಡೀ ಕನ್ನಡ ಕಲಿಸಿದವರು. ಹನ್ನೊಂದು ತಿಂಗಳು, ದಿನಾ ಸಂಜೆ ಬಂದು, ನನ್ನ ಗೋಡೆಗಳನ್ನು ಹಸುವಿನ ಮೈ ಸವರುವಂತೆ ಸವರಿ ಹೋಗುತ್ತಿದ್ದರು. ಗೃಹಪ್ರವೇಶಕ್ಕೆ ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ನನ್ನ ಕೈಕೆಳಗಿನ ಆರು ಜನರನ್ನೂ ಕರೆದುಕೊಂಡು ಹೋದೆ. ಪೂಜೆ ಮುಗಿಯಿತು. ಮೇಷ್ಟ್ರು ತಟ್ಟೆಯಿಂದ ಪಂಚೆ ಎತ್ತಿಕೊಂಡರು. ನಕ್ಷೆ ಬರೆದುಕೊಟ್ಟು, ಒಟ್ಟು ನಾಲ್ಕು ಸಲ ಕಾರಿನಿಂದ ಇಳಿದಿದ್ದ ಎಂಜಿನಿಯರರ ಹೆಗಲಿಗೆ ಹೊದಿಸಿದರು. ಎಲ್ಲರೂ ನಿಂತು ಫೋಟೊ ತೆಗೆಸಿಕೊಂಡರು.

"ಗುರೂ, ನಿನ್ ಪಂಚೆ ಅವ್ರ ಹೆಗಲ್ ಮೇಲೆ ಕೂತೈತೆ ನೋಡು," ಎಂದ ನನ್ನ ಹಳೆಯ ಜೊತೆಗಾರ ಮುನಿರಾಜು. "ಈ ಮನೇನ ಆ ಕಾರೇ ಕಟ್ಟಿರ್ಬೇಕು ಬಿಡು."

ನಾನು ನಗಲಿಲ್ಲ. ಹೊಸ್ತಿಲ ಪಕ್ಕದಲ್ಲಿ ಕರಣೆಯೂ ಇರಲಿಲ್ಲ. ಮೇಷ್ಟ್ರ ಬಳಿ ಹೋಗಿ ಮೆಲ್ಲಗೆ ಕೇಳಿದೆ: "ಮೇಷ್ಟ್ರೇ, ನನ್ ಕರಣೆ?"

"ಅದಾ? ಫೋಟೋಗೆ ಅಡ್ಡ ಬರ್ತಿತ್ತು ಅಂತ ಚಪ್ಪಲಿ ಸ್ಟ್ಯಾಂಡ್ ಹತ್ರ ಇಡ್ಸಿದೀನಿ, ತಗೊಳ್ಳಿ. ಹಾಂ, ಮೇಸ್ತ್ರಿ, ನೀವು ನಿಮ್ ಕಡೆಯೋರು ಕೊನೇ ಪಂಕ್ತೀಲಿ ಕೂತ್ಕೊಳ್ಳಿ ಕಣ್ರೀ. ಓದಿರೋರು ಬಂದಿದಾರೆ, ಮೊದ್ಲು ಅವ್ರದ್ದಾಗ್ಲಿ."

ಚಪ್ಪಲಿಗಳ ನಡುವಿನಿಂದ, ಕುಂಕುಮ ಇನ್ನೂ ಒಣಗದ ಕರಣೆಯನ್ನು ನಾನೇ ಎತ್ತಿಕೊಂಡೆ. ಏಳು ಜನವೂ ಉಣ್ಣದೆ ಹೊರಟು, ಬಿಳಿ ಅಂಗಿಯಲ್ಲೇ ದಾಸರಹಳ್ಳಿಯ ಹೋಟೆಲೊಂದರಲ್ಲಿ ಅನ್ನ ಸಾರು ಉಂಡೆವು.

ಓದು ಬಿಟ್ಟವನೆಂದರೆ ಓದಲು ಬಾರದವನೆಂದಲ್ಲ. ಹಳೇ ಪುಸ್ತಕದ ಅಂಗಡಿಯಿಂದ ತಂದ ದಪ್ಪ ನಿಘಂಟೊಂದು ನನ್ನ ಬಳಿಯಿದೆ, ಬಿಡುವಿದ್ದಾಗ ಅದನ್ನು ತಿರುವುವುದು ನನ್ನ ಚಟ. ಆ ಭಾನುವಾರ ಸಿಟ್ಟಿನಲ್ಲೇ ‘ಮೇಸ್ತ್ರಿ’ಯನ್ನು ಹುಡುಕಿದೆ. ಪೋರ್ಚುಗೀಸರ ‘ಮೆಸ್ತ್ರೆ’ ಹಡಗು ಹತ್ತಿ ನಮ್ಮ ಕರಾವಳಿಗೆ ಇಳಿದು, ಕೊಂಕಣಿಯವರ ಬಾಯಲ್ಲಿ ಬಡಗಿಯಾಗಿ, ಘಟ್ಟ ಹತ್ತಿ ಕನ್ನಡ, ತಮಿಳು, ತೆಲುಗುಗಳಲ್ಲಿ ಮೇಸ್ತ್ರಿಯಾಗಿ, ಉತ್ತರಕ್ಕೆ ಹೋಗಿ ‘ಮಿಸ್ತ್ರಿ’ಯಾಗಿದೆ, ನನ್ನ ಬಳಿ ಟೈಲ್ಸ್ ಹಾಕುವ ಬಂಗಾಳದವನು ನನ್ನನ್ನು ಕರೆಯುವುದೂ ಹಾಗೆಯೇ. ಅದರ ತಾಯಿಬೇರು ಲ್ಯಾಟಿನ್ನಿನ ‘ಮಾಗಿಸ್ತೆರ್’. ಅರ್ಥ: ಹೆಚ್ಚಿನವನು, ದೊಡ್ಡವನು. ನಮ್ಮ ‘ಮಹಾ’ ಕೂಡ ಅದಕ್ಕೆ ದೂರದ ದಾಯಾದಿಯಂತೆ. ಅದೇ ಮಾತು ಇಟಲಿಯಲ್ಲಿ ಸಂಗೀತಗಾರನ ಬಿರುದು, ಜರ್ಮನಿಯಲ್ಲಿ ಪಳಗಿದ ಕಸಬುದಾರನ ಹೆಸರು, ಇಂಗ್ಲಿಷಿನಲ್ಲಿ ಮಾಸ್ಟರ್. ಆ ಮಾಸ್ಟರ್ ನಮ್ಮೂರಿಗೆ ಬಂದು ಏನಾದ ಗೊತ್ತೇ? ಮೇಷ್ಟ್ರು!

ಪುಸ್ತಕ ಮುಚ್ಚಿದೆ, ಸಿಟ್ಟು ಮುಚ್ಚಲಾಗಲಿಲ್ಲ. ಒಂದೇ ತಾಯಿಯ ಇಬ್ಬರು ಮಕ್ಕಳು ನಾವು. ಒಬ್ಬನ ಕೈಗೆ ಸೀಮೆಸುಣ್ಣ, ಇನ್ನೊಬ್ಬನ ಕೈಗೆ ಗೋಡೆಯ ಸುಣ್ಣ, ಸಂಜೆಗೆ ಇಬ್ಬರ ಕೈಯೂ ಬಿಳಿ. ಒಬ್ಬನಿಗೆ ಮೊದಲ ಪಂಕ್ತಿ, ಇನ್ನೊಬ್ಬನಿಗೆ ಕೊನೆಯದು ಎಂದು ಎಲೆ ಹಾಕಿದವರು ಯಾರು? ತಿಳಿಯದವರಾಗಿದ್ದರೆ ಕ್ಷಮಿಸುತ್ತಿದ್ದೆ. ಮೂವತ್ತು ವರ್ಷ ಮಕ್ಕಳಿಂದ ಪದಗಳ ಅರ್ಥ ಬರೆಸಿದ ಮನುಷ್ಯ, ತನ್ನನ್ನೇ ಕರೆಯುವ ಪದದ ಅಣ್ಣತಮ್ಮಂದಿರನ್ನು ಚಪ್ಪಲಿಯ ಪಕ್ಕ ಇಡುತ್ತಾನೆಂದರೆ, ಓದಿರುವುದು ಏನನ್ನು?

ಮೊದಲ ಮಳೆಗೆ ಮೇಷ್ಟ್ರ ಫೋನು ಬಂತು. ಟೆರೇಸಿನ ಮೂಲೆಯಲ್ಲಿ ನೀರು ನಿಲ್ಲುತ್ತಿದೆಯಂತೆ. ಮುನಿರಾಜು ರೇಗಿದ: "ಹೋಗ್ಬೇಡ ಕಣೋ, ಆ ಪಂಚೆ ಹೊದ್ದೋರ್ನೇ ಕರೀಲಿ, ಒರೆಸ್ತಾರೆ." ನಾನು ಹೋದೆ. ಕರಣೆಯನ್ನು ಕೈಗೆ ಕೊಡದ ಮೇಲೆ ಆ ಮನೆ ಇನ್ನೂ ನನ್ನದೇ ತಾನೆ; ನನ್ನ ಮನೆಯಲ್ಲಿ ನೀರು ನಿಲ್ಲಲು ಬಿಡುವವನಲ್ಲ ನಾನು. ಆ ಮೂಲೆಯನ್ನು ಕೆತ್ತಿ, ಇಳಿಜಾರು ಸರಿಪಡಿಸಿ, ಒಂದು ಬಕೆಟ್ ನೀರು ಸುರಿದು ಹರಿಯುವುದನ್ನು ನೋಡಿ ಎದ್ದೆ. ಹಿಂದೆ ಮೇಷ್ಟ್ರು ಪ್ಲಾಸ್ಟಿಕ್ ಕವರು ಹಿಡಿದು ನಿಂತಿದ್ದರು. ಒಳಗೆ ಪಂಚೆ.

"ಅವತ್ತು ಗಡಿಬಿಡೀಲಿ ಮರ್ತೋಯ್ತು ಮೇಸ್ತ್ರಿ. ಬೇಜಾರ್ ಮಾಡ್ಕೋಬೇಡಿ, ಇಟ್ಕೊಳ್ಳಿ."

"ಹೊಸ್ತಿಲ ಹತ್ರ, ನಾಕ್ ಜನದ ಮುಂದೆ ಕೊಡೋದು ಮೇಷ್ಟ್ರೇ ಇದು. ಟೆರೇಸ್ ಮೇಲೆ ನಾನ್ ತಗೊಳಲ್ಲ."

ಅವರು ಕವರನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಕರಣೆ ತೊಳೆಯಲು ನಲ್ಲಿ ತಿರುಗಿಸಿಕೊಟ್ಟರು. ನಾನು ತೊಳೆದುಕೊಂಡು ಇಳಿದೆ.

ಇವತ್ತು ನನ್ನ ಬಳಿ ಇರುವುದು: ಅಪ್ಪನ ಕರಣೆ ಒಂದು. ಗೋಡೆ ನೆಲದ ಮಟ್ಟ ನೋಡುವ ರಸಮಟ್ಟ ಎರಡು. ನಿಘಂಟು ಒಂದು. ಜೊತೆಗೆ ದುಡಿಯುವವರು ಆರು ಜನ. ನಾನು ಕೂರಿಸಿದ ಹೊಸ್ತಿಲು ನಲವತ್ತೊಂದು. ಪಂಚೆ ನಲವತ್ತು.