ಕ್ಲಾರ್ನೆಟ್ ಅಣ್ಣನ ಒಂದು ಫೋಟೋ

ಹೊಳಗುಂದದ ಆ ಮದುವೆಯ ಕತೆಯನ್ನು ಇಷ್ಟು ವರ್ಷಗಳಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ. ಅದಕ್ಕೇ ಈಗ ನನಗೆ ನೆನಪಿರುವುದು ಅಲ್ಲಿ ನಡೆದದ್ದೋ, ಅಥವಾ ನಾನೇ ಹೇಳಿಕೊಂಡು ಬಂದದ್ದೋ ಎಂಬ ಅನುಮಾನ ಬಿಟ್ಟುಹೋಗುವುದಿಲ್ಲ. ನಾನು ಹೇಳುತ್ತಿದ್ದದ್ದು ಹೀಗೆ: ಮದುಮಗನ ಮೆರವಣಿಗೆ ಹೆಣ್ಣಿನ ಮನೆಯ ಮುಂದೆ ಬಂದಿತ್ತು. ಬ್ಯಾಂಡಿನ ಕ್ಲಾರ್ನೆಟ್ಟಿನವರು ಕಣ್ಣು ಮುಚ್ಚಿ ಊದುತ್ತ ನನ್ನ ಕ್ಯಾಮೆರಾದ ಎದುರಿಗೇ ಬಂದುಬಿಟ್ಟರು. ಹೆಣ್ಣಿನ ತಂದೆ ಅವರ ಹೆಗಲು ಹಿಡಿದು ಪಕ್ಕಕ್ಕೆ ತಳ್ಳಿದರು. ಕ್ಲಾರ್ನೆಟ್ ಹಾಡಿನ ನಡುವಿನಲ್ಲೇ ನಿಂತಿತು. ಇಷ್ಟು ಹೇಳಿ, ನಮ್ಮ ಸಮಾಜ ಕಲಾವಿದರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ಎರಡು ಮಾತು ಸೇರಿಸುತ್ತಿದ್ದೆ. ಚಹಾ ಅಂಗಡಿಯಲ್ಲಿ ಕೂತವರು ತಲೆಯಾಡಿಸುತ್ತಿದ್ದರು.

ನಾನು ಓದಿದ್ದು ಇತಿಹಾಸ. ಕಣ್ಣಾರೆ ಕಂಡೆ ಅನ್ನುವವನ ಮಾತನ್ನೂ ಬೇರೊಂದು ದಾಖಲೆಯ ಜೊತೆ ತಾಳೆ ನೋಡದೆ ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಪಾಠ ಕೇಳಿದವನು. ಕೆಲಸ ಸಿಗದೆ ಆಂಧ್ರದ ಗಡಿಯೊಳಗಿನ ಆದೋನಿಯಲ್ಲಿ ಫೋಟೋ ಸ್ಟುಡಿಯೊ ಹಾಕಿದೆ. ಓದಿದ್ದು ವ್ಯರ್ಥವಾಗಬಾರದೆಂಬ ಹಟಕ್ಕೆ ಊರಿನ ಎಲ್ಲರ ಮಾತನ್ನೂ ಅನುಮಾನಿಸುತ್ತ ಬಂದೆ, ನನ್ನದೊಂದನ್ನು ಬಿಟ್ಟು.

ಸ್ಟುಡಿಯೊದ ಪಕ್ಕದ ಅಂಗಡಿಯೇ ಬ್ಯಾಂಡಿನವರದು. ಗೋಡೆಗೆ ಡ್ರಮ್ಮುಗಳು, ಮೊಳೆಗೆ ಕೆಂಪು ಕೋಟುಗಳು. ಮದುವೆಯವರು ಅಲ್ಲಿ ಬ್ಯಾಂಡು ಹೇಳಿ, ಇಲ್ಲಿ ಬಂದು ವಿಡಿಯೊ ಹೇಳುತ್ತಿದ್ದರು. ಮದುವೆ ಕೋಸಗಿಯಲ್ಲಾಗಲಿ, ಮಾಧವರಂನಲ್ಲಾಗಲಿ, ಅವರೂ ನಾವೂ ಒಂದೇ ಟೆಂಪೋದಲ್ಲಿ ಹೋಗುತ್ತಿದ್ದೆವು. ಊಟಕ್ಕೂ ಕೊನೆಯ ಪಂಕ್ತಿಯಲ್ಲಿ ಒಟ್ಟಿಗೇ ಕೂರುತ್ತಿದ್ದೆವು. ಕ್ಲಾರ್ನೆಟ್ಟಿನವರು ನನಗಿಂತ ಹಿರಿಯರು. ಮೊದಲಿನಿಂದಲೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ ಎಂದು ನನ್ನ ನೆನಪು. ಈಗ ಡಿಜೆ ಬಂದು ಬ್ಯಾಂಡು ಮುಚ್ಚಿದೆ. ಆ ಅಂಗಡಿಯಲ್ಲಿ ಮೊಬೈಲ್ ರಿಪೇರಿ ನಡೆಯುತ್ತದೆ.

ಕಳೆದ ವರ್ಷ ಒಂದು ಬೆಳಿಗ್ಗೆ ಅಣ್ಣ ಸ್ಟುಡಿಯೊಕ್ಕೆ ಬಂದರು. ಬಾಯಿ ಒಳಗೆ ಹೋಗಿತ್ತು. ಮುಂದಿನ ಹಲ್ಲು ಒಂದೂ ಇರಲಿಲ್ಲ.

"ಸಾರ್, ನಂದೊಂದು ಫೋಟೋ ಬೇಕಾಗೇತ್ರಿ."

"ಕುಂದ್ರಣ್ಣ, ಈಗ ತೆಗೀತೀನಿ."

"ಈಗಿಂದಲ್ರಿ. ಊದೋದು ಬೇಕು. ಹಲ್ಲಿದ್ದಾಗಿಂದು."

ಕಲಾವಿದರ ಗುರುತಿನ ಚೀಟಿಗೆ ಅರ್ಜಿ ಹಾಕಿದ್ದರು. ಚೀಟಿ ಸಿಕ್ಕರೆ ಪಿಂಚಣಿಗೆ ದಾರಿ. ಕಚೇರಿಯಲ್ಲಿ ಹಳೆಯ ಕಾಲದ, ನುಡಿಸುತ್ತಿರುವ ಒಂದು ಫೋಟೋ ಕೇಳಿದ್ದರು. ಇಲ್ಲದಿದ್ದರೆ ಎದುರಿಗೇ ನುಡಿಸಿ ತೋರಿಸಿ ಎಂದಿದ್ದರು. ಕ್ಲಾರ್ನೆಟ್ಟಿನ ಮೂತಿಗೆ ಮೇಲಿನ ಹಲ್ಲು ಒತ್ತಿ ಹಿಡಿಯದೆ ಸ್ವರ ಹೊರಡುವುದಿಲ್ಲ.

"ತಗಂಡು ಹೋಗಿದ್ನ್ರಿ. ಊದಿದ್ರ ಬರೇ ಗಾಳಿ ಬಂತು. ಅವ್ರು ನಗಲಿಲ್ಲ ಪಾಪ. ನಕ್ಕಿದ್ರ ನಾನೂ ನಕ್ಕು ಬರ್ತಿದ್ದೆ. ಸುಮ್ನ ನೋಡಿದ್ರು. ಅದಾ ಭಾಳ ಬ್ಯಾಸ್ರಾತು."

ಫೋಟೋ ಕೊಡಲು ಹದಿನೈದು ದಿನ ಉಳಿದಿತ್ತು.

"ಅಣ್ಣ, ನಿನ್ನ ಫೋಟೋ ಇಲ್ದ ಇರ್ತಾವೇನು? ನಾಳಿ ಬಾ," ಎಂದೆ.

ಇರಲಿಲ್ಲ. ನಾಲ್ಕು ದಿನ ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಎರಡು ಹಾರ್ಡ್ ಡಿಸ್ಕ್ ತೆರೆದೆ. ಒಂದು ಟಿಕ್ ಟಿಕ್ ಎಂದು ಸದ್ದು ಮಾಡಿ ಕಣ್ಣು ಮುಚ್ಚಿತು. ಸಿಕ್ಕಿದ್ದು ಅರ್ಧ ಡ್ರಮ್ಮು, ಕೆಂಪು ಕೋಟಿನ ಒಂದು ಮೊಣಕೈ, ಮದುಮಗಳ ಕಿವಿಯ ಪಕ್ಕ ಇಣುಕುವ ಕ್ಲಾರ್ನೆಟ್ಟಿನ ತುದಿ. ಅಣ್ಣನ ಮುಖ ಒಂದರಲ್ಲೂ ಇಲ್ಲ. ಕಾರಣ ನನಗೆ ಗೊತ್ತೇ ಇತ್ತು. ದುಡ್ಡು ಕೊಡುವವರಿಗೆ ಬೇಕಾದದ್ದು ಅವರ ಬೀಗರು, ಅವರ ಮಕ್ಕಳು. ಬ್ಯಾಂಡಿನವರು ಬಂದರೆ ಆಲ್ಬಂ ಮಾಡುವಾಗ ಕತ್ತರಿಸುತ್ತಿದ್ದೆವು. ವಿಡಿಯೊ ಮಿಕ್ಸಿಂಗಿಗೆ ಹೋದಾಗ ಅವರ ಸದ್ದನ್ನೂ ಪೂರ್ತಿ ತೆಗೆದು ಸಿನಿಮಾ ಹಾಡು ಹಾಕುತ್ತಿದ್ದೆವು. ಮೆರವಣಿಗೆಯುದ್ದಕ್ಕೂ ಊದಿದವರ ಒಂದು ಸ್ವರವೂ ಯಾರ ಮನೆಯ ಮದುವೆ ಕ್ಯಾಸೆಟ್ಟಿನಲ್ಲೂ ಉಳಿದಿಲ್ಲ. ಮೂಲ ಕ್ಯಾಸೆಟ್ಟುಗಳ ಮೇಲೆ ಮುಂದಿನ ಮದುವೆ ತೆಗೆಯುತ್ತಿದ್ದೆವು. ಇದೆಲ್ಲ ನಾನೇ ಮಾಡಿದ ಕೆಲಸ. ಕಲಾವಿದರ ಬಗ್ಗೆ ಚಹಾ ಅಂಗಡಿಯಲ್ಲಿ ಮಾತಾಡುತ್ತಿದ್ದವನೂ ನಾನೇ.

ನನ್ನ ಹೆಂಡತಿ ಶಾಲೆಯ ಟೀಚರ್. ನೆಗೆಟಿವ್‌ಗಳ ನಡುವೆ ಕೂತ ನನ್ನನ್ನು ನೋಡಿ ಅಂದಳು: "ಯಾರ್ಯಾರ್ದೋ ಅಜ್ಜನ ಕಾಲದ್ದು ಕೆದಕ್ತೀರಿ. ಬಾಜೂ ಅಂಗಡ್ಯಾತಂದು ಒಂದು ಫೋಟೋ ಇಲ್ಲ. ಏನು ಓದಿ ಬಂದ್ರೋ ನೀವು."

ನಾನು ಹಾರ್ಡ್ ಡಿಸ್ಕ್ ಕಂಪನಿಯವರನ್ನು ಬೈದೆ.

ಅಣ್ಣ ದಿನಾ ಬರುತ್ತಿದ್ದರು. ಒಳಗೆ ಬಾರದೆ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಐದನೆಯ ದಿನ ನಾನು ಏನೂ ಸಿಗಲಿಲ್ಲ ಎಂದಾಗ ಅವರು, "ಹೊಳಗುಂದದಾಗ ತೆಗ್ದೀರಲ್ರಿ. ಕ್ಯಾಮ್ರ ನನ್ನ ಮಕಕ್ಕಾ ಹಿಡ್ದಿದ್ರಿ," ಎಂದರು.

"ಅಲ್ಲಿ ನಿನ್ನ ತಳ್ಳಿದ್ರಲ್ಲಣ್ಣ, ಹೆಣ್ಣಿನ ತಂದಿ."

"ನನ್ನ ಯಾರೂ ತಳ್ಳಿಲ್ಲ ಬಿಡ್ರಿ."

"ತಳ್ಳಿದ್ರು. ನಾನಾ ನೋಡೀನಿ. ಊದೋದು ನಿಂತಾ ಹೋತು."

ಅವರಿಗೆ ಏನಾಯಿತೆಂದು ಅವರಿಗೇ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನೀವು ಓದಿದಾರು. ಇರಬೋದು," ಎಂದರು. ಒಪ್ಪಿದ್ದಲ್ಲ ಅದು, ಮಾತು ಮುಗಿಸಿದ್ದು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಒಂದು ಸಂಗತಿ ನೆನಪಾಯಿತು. ಹೊಳಗುಂದದ ಆ ಯಜಮಾನರು, ಅಂದರೆ ಹೆಣ್ಣಿನ ತಂದೆ, ಮದುವೆಯ ನಂತರ ನನ್ನ ಜೊತೆ ದೊಡ್ಡ ಜಗಳ ಮಾಡಿದ್ದರು. ಮಿಕ್ಸಿಂಗ್ ಆಗಿ ಬಂದ ವಿಡಿಯೊದಲ್ಲಿ ಅವರ ಒಡಹುಟ್ಟಿದ ಅಣ್ಣ ಎಲ್ಲೂ ಇರಲಿಲ್ಲ. ಸ್ಟುಡಿಯೊಕ್ಕೆ ಬಂದು ಮೂಲ ಕ್ಯಾಸೆಟ್ಟುಗಳನ್ನೂ ಕಿತ್ತುಕೊಂಡು ಹೋಗಿದ್ದರು. ಸುಸೂತ್ರವಾಗಿ ನಡೆದ ಮದುವೆಗಳನ್ನೆಲ್ಲ ನಾನು ಅಳಿಸಿದ್ದೆ. ಜಗಳವಾದ ಮದುವೆ ಮಾತ್ರ ಎಲ್ಲೋ ಒಂದು ಬೀರುವಿನಲ್ಲಿ ಇದ್ದರೂ ಇರಬಹುದು.

ಮರುದಿನ ಹೊಳಗುಂದಕ್ಕೆ ಹೋದೆ. ಯಜಮಾನರು ಪಡಸಾಲೆಯಲ್ಲಿ ಹತ್ತಿ ಚೀಲಗಳ ನಡುವೆ ಮಂಚದ ಮೇಲೆ ಕೂತಿದ್ದರು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು.

"ರಾ, ಕೂಚೋ," ಎಂದು ತೆಲುಗಿನಲ್ಲಿ ಕೂರಲು ಹೇಳಿ, "ನಮ್ಮಣ್ಣನ್ನ ತಿಂದಾತ ಬಂದಾನ ನೋಡು," ಎಂದು ಒಳಗೆ ಕೂಗಿ ಹೇಳಿದರು. ಮಜ್ಜಿಗೆ ಬಂತು. ಅರ್ಧ ಕುಡಿಯುವಷ್ಟರಲ್ಲಿ ಇನ್ನೊಂದು ಮಾತು ಬಂತು. "ಬ್ಯಾಂಡಿನಾತನ್ನ ನಾ ತಳ್ಳಿದೆ ಅಂತ ಆದೋನ್ಯಾಗ ಹೇಳ್ತೀಯಂತಲ್ಲ. ಇಲ್ಲೀ ತನಕ ಬಂದೈತಿ ನಿನ್ನ ಕತಿ."

ನಾನು ಲೋಟ ಕೆಳಗಿಟ್ಟೆ.

"ತಳ್ಳಿದ್ನೋ ಇಲ್ಲೋ, ನನಗೂ ನೆಪ್ಪಿಲ್ಲಪಾ," ಎಂದರು ಅವರು. "ಮೊದ್ಲು ಇಲ್ಲಂತಿದ್ದೆ. ಆಮ್ಯಾಲ, ಓದಿದಾತ ಸುಳ್ಳ್ಯಾಕ ಹೇಳ್ತಾನ, ತಳ್ಳಿರಬೋದು ಬಿಡು ಅಂತ ಸುಮ್ನಾದೆ. ಅವತ್ತು ನನಗ ಭಾಳ ಗದ್ಲ ಇತ್ತು."

ನನ್ನ ನೆನಪನ್ನು ನಾನು ಅವರ ತಲೆಯೊಳಗೂ ಇಟ್ಟುಬಿಟ್ಟಿದ್ದೆ. ಹೋದ ಕೆಲಸವನ್ನು ಹೇಗೋ ಹೇಳಿದೆ. ಕ್ಯಾಸೆಟ್ಟುಗಳು ಇದ್ದವು, ಬಟ್ಟೆ ಅಂಗಡಿಯ ಚೀಲದಲ್ಲಿ ಸುತ್ತಿ, ಬೀರುವಿನ ತಳದಲ್ಲಿ. ಆದರೆ ಕೊಡಲು ಒಪ್ಪಲಿಲ್ಲ.

"ನಿನ್ನ ಕೈಯಾಗ ಕೊಡಾಂಗಿಲ್ಲ. ನಾನಾ ತರ್ತೀನಿ. ಮೊದ್ಲು ನಮ್ಮಣ್ಣನ್ನ ಹುಡುಕು, ಆಮ್ಯಾಲ ನಿನ್ನ ಕ್ಲಾರ್ನೆಟ್ಟು."

ದೊಡ್ಡ ಕ್ಯಾಸೆಟ್ಟುಗಳ ಕಾಲ ಮುಗಿದು ಎಷ್ಟೋ ವರ್ಷ. ನನ್ನ ವಿಸಿಆರ್‌ನ ಬೆಲ್ಟು ಕರಗಿ ಡಾಂಬರಿನ ಹಾಗೆ ಅಂಟಿತ್ತು. ಹಳೆಯ ರೇಡಿಯೊ ರಿಪೇರಿಯವರೊಬ್ಬರು ಸರಿ ಮಾಡಿಕೊಡುವಷ್ಟರಲ್ಲಿ ಮತ್ತೆ ಮೂರು ದಿನ ಹೋದವು. ಯಜಮಾನರು ಬಸ್ಸಿನಲ್ಲಿ ಬಂದರು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು. ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಒರೆಸಿ ಹಾಕಿದರೆ ಎರಡು ನಿಮಿಷ ಓಡುವುದು, ಮತ್ತೆ ಪರದೆ ತುಂಬ ಗೆರೆ. ಟೇಪು ಓದುವ ಹೆಡ್ ಒರೆಸಬೇಕು, ಮತ್ತೆ ಹಾಕಬೇಕು. ಯಜಮಾನರೂ ಕ್ಲಾರ್ನೆಟ್ ಅಣ್ಣನೂ, ಗಿರಾಕಿಗಳು ತಲೆ ಬಾಚಿಕೊಳ್ಳುವ ಬೆಂಚಿನ ಮೇಲೆ ಕೂತು ನೋಡುತ್ತಿದ್ದರು. ನನ್ನ ಅಂಗಿ ಬೆವರಿನಲ್ಲಿ ತೊಯ್ದಿತ್ತು.

ಮೊದಲ ಕ್ಯಾಸೆಟ್ಟಿನ ಕೊನೆಯಲ್ಲಿ, ಊಟದ ಪಂಕ್ತಿಯಲ್ಲಿ, ಎಲೆಯ ಮೇಲೆ ಬಗ್ಗಿದ ಒಬ್ಬ ಮನುಷ್ಯ ತಲೆಯೆತ್ತಿದರು.

"ಅದಾನ," ಎಂದರು ಯಜಮಾನರು. ಪರದೆಯ ಹತ್ತಿರಕ್ಕೆ ಬಗ್ಗಿದರು. "ಉಣ್ಣಾಕತ್ಯಾನ. ಇಷ್ಟು ಚಂದ ಅದಾನಲ್ಲೋ, ಯಾಕ ಕಟ್ ಮಾಡಿದಿ?"

ನಾನು ಎರಡನೆಯ ಕ್ಯಾಸೆಟ್ಟು ಹಾಕಿದೆ. ಅದರಲ್ಲಿ ಮೆರವಣಿಗೆ ಇತ್ತು. ಮದುಮಗ, ಛತ್ರಿ, ಮಕ್ಕಳು. ದೂರದಿಂದ ಕ್ಲಾರ್ನೆಟ್ಟಿನ ಸದ್ದು. ಆ ಸದ್ದನ್ನು ಕೇಳಿ ನಾನು ಬೆಚ್ಚಿದೆ, ಏಕೆಂದರೆ ನನ್ನ ನೆನಪಿನಲ್ಲಿ ಆ ಮದುವೆಗೆ ಇದ್ದದ್ದು ನಾವು ಹಾಕಿದ ಸಿನಿಮಾ ಹಾಡು. ಆಮೇಲೆ ಎಡಗಡೆಯಿಂದ ಕೆಂಪು ಕೋಟು ಬಂತು. ಅಣ್ಣ ಪರದೆಯ ತುಂಬ ನಿಂತರು. ಉಬ್ಬಿದ ಕೆನ್ನೆ, ಕ್ಲಾರ್ನೆಟ್ಟಿನ ಮೂತಿಯ ಮೇಲೆ ಬಿಳಿಯ ಹಲ್ಲು. ಕಣ್ಣು ಮುಚ್ಚಿರಲಿಲ್ಲ. ನೇರ ಕ್ಯಾಮೆರಾವನ್ನೇ ನೋಡುತ್ತಿದ್ದರು.

ಆಗ ಟಿವಿಯೊಳಗಿಂದ ಒಂದು ದನಿ, ಮದುವೆಯ ಇಡೀ ಗದ್ದಲಕ್ಕಿಂತ ಜೋರಾಗಿ: "ಏ ಕ್ಲಾರ್ನೆಟ್, ಪಕ್ಕಕ್ಕ ಸರಿ. ಫ್ರೇಮಿನಾಗ ಬರ್ತೀ."

ಕೆಂಪು ಕೋಟು ಪಕ್ಕಕ್ಕೆ ಸರಿಯಿತು. ಅದರ ಹಿಂದೆ, ಬಾಗಿಲ ಹತ್ತಿರ, ಹೆಣ್ಣಿನ ತಂದೆ ಎರಡೂ ಕೈಯಲ್ಲಿ ಹಾರ ಹಿಡಿದುಕೊಂಡು ನಿಂತಿದ್ದರು. ಅಲ್ಲಿಂದ ಅವರು ಯಾರ ಹೆಗಲನ್ನೂ ಮುಟ್ಟುವಂತಿರಲಿಲ್ಲ.

ಲೈಟ್ ಹಿಡಿಯುವವನ ದನಿಯಿರಬೇಕು ಎಂದು ಒಂದು ಕ್ಷಣ ಯೋಚಿಸಿದೆ. ಆದರೆ ಹೆಗಲ ಮೇಲಿನ ಆ ಕ್ಯಾಮೆರಾದ ಮೈಕು ಮುಂಭಾಗದಲ್ಲಿರುತ್ತಿತ್ತು, ಹಿಡಿದವನ ಮೂಗಿನ ಪಕ್ಕಕ್ಕೆ. ಮದುವೆಯ ಸದ್ದನ್ನೆಲ್ಲ ಮುಚ್ಚುವಷ್ಟು ಹತ್ತಿರವಿದ್ದ ಬಾಯಿ ಒಂದೇ. ಅಣ್ಣ ಅಂತಲೂ ಅಂದಿರಲಿಲ್ಲ ನಾನು. ವಾದ್ಯದ ಹೆಸರು ಹಿಡಿದು ಕರೆದಿದ್ದೆ.

ಯಜಮಾನರು ನನ್ನ ಕಡೆ ತಿರುಗಿದರು. "ಇದಾ ಏನು, ನಾ ತಳ್ಳಿದ್ದು?"

ಅಣ್ಣ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಆವಾಗ ನಿಮ್ಮ ದನಿ ಸಣ್ಣಕಿತ್ತು, ಸಾರ್," ಎಂದರು.

"ನಿನಗ ಗೊತ್ತಿತ್ತೇನಣ್ಣ, ನಾನಾ ಅಂತ?"

"ನಿಮ್ಮ ಮುಂದಾ ನಿಂತಿದ್ನಲ್ರಿ. ಗೊತ್ತಿಲ್ದ ಏನು? ದಿನಾ ಒಬ್ರಲ್ಲ ಒಬ್ರು ಅಂತಿದ್ರು. ಅದನ್ನೆಲ್ಲ ನೆಪ್ಪಿಟ್ಕಂಡ್ರ ಊದಾಕ ಆಗ್ತೈತೇನು?"

ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಆದದ್ದು ಮೂರು ಚಹಾ ಹೇಳಿದ್ದು.

ಟೇಪಿನಲ್ಲಿ ಅಣ್ಣ ಅಡ್ಡ ಬಂದ ಆ ಜಾಗದಿಂದಲೇ ಒಂದು ಚಿತ್ರ ತೆಗೆದೆ. ಗೆರೆಗಳನ್ನು ತಿದ್ದುತ್ತ ಅರ್ಧ ದಿನ ಕೂತೆ. ಮುಖವನ್ನು ಮಾತ್ರ ಮುಟ್ಟಲಿಲ್ಲ. ಅವರು ಅಡ್ಡ ಬಾರದೆ ಹೋಗಿದ್ದರೆ ಆ ಮುಖ ಎಲ್ಲೂ ಇರುತ್ತಿರಲಿಲ್ಲ. ಕೊನೆಯ ದಿನ ಇಬ್ಬರೂ ಕಚೇರಿಗೆ ಹೋದೆವು. ಅಲ್ಲಿದ್ದವರು ಫೋಟೋ ನೋಡಿ, ಅಣ್ಣನ ಮುಖ ನೋಡಿ, ಮತ್ತೆ ಫೋಟೋ ನೋಡಿ ಅರ್ಜಿಗೆ ಪಿನ್ನು ಹೊಡೆದು ಸೀಲು ಹಾಕಿದರು. ಚೀಟಿ ಇನ್ನೂ ಬಂದಿಲ್ಲ. ಅಣ್ಣ ಈಗಲೂ ಮೆಟ್ಟಿಲ ಮೇಲೆ ಬಂದು ಕೂರುತ್ತಾರೆ. ಏನಾಯಿತೆಂದು ನಾನು ಕಚೇರಿಗೆ ಫೋನ್ ಮಾಡುತ್ತೇನೆ, ಯಾರೂ ಎತ್ತುವುದಿಲ್ಲ.

ಯಜಮಾನರು ಕ್ಯಾಸೆಟ್ಟು ವಾಪಸು ಒಯ್ಯುವ ಮುಂಚೆ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದೆ. ನನ್ನ ಕತೆಯಲ್ಲಿ ತಾಳೆ ನೋಡದ ಒಂದು ಮಾತು ಉಳಿದಿತ್ತು. ಕಚೇರಿಯಿಂದ ಬಂದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಆ ಜಾಗವನ್ನು ಮೂರು ಸಲ ಕೇಳಿದೆ: ನನ್ನ ಕೂಗಿಗೆ ಮುಂಚೆ, ಕೂಗಿನ ಕೆಳಗೆ, ಕೂಗಿನ ನಂತರ. ಕ್ಲಾರ್ನೆಟ್ ಎಲ್ಲೂ ನಿಂತಿಲ್ಲ.